ಬದಲಾಗುವ ಗ್ರಹ, ಉಳಿಯಬೇಕಾದ ಜೀವ: ಯಾವ ಆಟ ಯಾರಿಗೆ?

ಒಂದು ಇಡೀ ಗ್ರಹದ ಮೇಲೆ ಜೀವವನ್ನು ಉಳಿಸಿ ಬೆಳೆಸುವುದನ್ನೇ ಗುರಿಯಾಗಿಟ್ಟುಕೊಂಡ ಆಟಗಳು ಕಳೆದ ಮೂರೂವರೆ ದಶಕಗಳಲ್ಲಿ ಸಾಕಷ್ಟು ಬಂದಿವೆ. ಕಂಪ್ಯೂಟರಿನ ಮುಂದೆ ಒಬ್ಬರೇ ಕುಳಿತು ಆಡುವಂಥವು, ಮೇಜಿನ ಸುತ್ತ ನಾಲ್ಕಾರು ಮಂದಿ ಸೇರಿ ಆಡುವಂಥವು, ಬಸ್ಸಿನಲ್ಲಿ ಹೋಗುವಾಗ ಮೊಬೈಲಿನಲ್ಲೇ ಆಡಿ ಮುಗಿಸಬಹುದಾದಂಥವು ಎಲ್ಲವೂ ಇವೆ. ಹೊರಗಿನಿಂದ ನೋಡಿದರೆ ಎಲ್ಲವೂ ಹಸಿರನ್ನು ಉಳಿಸುವ ಮಾತನ್ನೇ ಆಡುತ್ತವೆ. ಆಡಲು ತೊಡಗಿದ ಮೇಲೆ ಅವುಗಳ ನಡುವಿನ ಅಂತರ ಎಷ್ಟು ದೊಡ್ಡದೆಂಬುದು ಗೊತ್ತಾಗುತ್ತದೆ. ಮಕ್ಕಳಿಗೋ ಸ್ನೇಹಿತರ ಗುಂಪಿಗೋ ಒಂದನ್ನು ಕೊಳ್ಳಬೇಕೆಂದಿರುವವರಿಗೆ ಈ ಅಂತರ ಮೊದಲೇ ತಿಳಿದಿರುವುದು ಒಳ್ಳೆಯದು, ಏಕೆಂದರೆ ಇವುಗಳಲ್ಲಿ ಕೆಲವು ದುಬಾರಿ, ಕೆಲವು ಕಲಿಯಲು ಕಷ್ಟ, ಮತ್ತೆ ಕೆಲವು ಆಟವಾಗಿ ಬಹಳ ಚೆನ್ನಾಗಿದ್ದರೂ ಈ ವಿಷಯಕ್ಕೆ ಅಷ್ಟಾಗಿ ಸಂಬಂಧಪಟ್ಟವಲ್ಲ.

ಇವುಗಳನ್ನು ತೂಗಲು ನಾನು ಬಳಸುವ ಪ್ರಶ್ನೆ ಒಂದೇ. ಆಟದೊಳಗೆ ಗ್ರಹ ಬದಲಾಗುವುದು ಯಾರಿಂದ, ಮತ್ತು ಆ ಬದಲಾವಣೆ ಮರಳಿ ಬಂದು ಯಾರನ್ನು ಮುಟ್ಟುತ್ತದೆ? ನಮ್ಮ ಭೂಮಿಯ ಚರಿತ್ರೆಯೇ ಈ ಪ್ರಶ್ನೆಯ ಸುತ್ತ ಹೆಣೆದುಕೊಂಡಿದೆ. ಭೂಮಿ ರೂಪುಗೊಂಡ ಹೊತ್ತಿನಲ್ಲಿ ಸೂರ್ಯನ ಪ್ರಕಾಶ ಇಂದಿನ ಸುಮಾರು ಶೇಕಡಾ 70ರಷ್ಟಿತ್ತು. ಅಂದಿನಿಂದ ಅದು ನಿಧಾನವಾಗಿ ಹೆಚ್ಚುತ್ತಲೇ ಬಂದಿದೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ಸಯನೋಬ್ಯಾಕ್ಟೀರಿಯಾ ಎಂಬ ಕಣ್ಣಿಗೆ ಕಾಣದ ಜೀವಿಗಳು ಹೊರಬಿಟ್ಟ ಆಮ್ಲಜನಕ ವಾತಾವರಣವನ್ನೇ ಬದಲಿಸಿತು. ಕೈಗಾರಿಕಾ ಕ್ರಾಂತಿಗೆ ಮುನ್ನ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ದಾಟಿದೆ, ಅದಕ್ಕೆ ಕಾರಣ ನಾವು. ಗ್ರಹ ಜೀವಕ್ಕೆ ಬರೀ ವೇದಿಕೆಯಲ್ಲ. ಜೀವ ಗ್ರಹವನ್ನು ಬದಲಿಸುತ್ತದೆ, ಬದಲಾದ ಗ್ರಹ ಜೀವವನ್ನು ಬದಲಿಸುತ್ತದೆ. ಈ ಎರಡು ದಾರಿಯ ಸಂಬಂಧವನ್ನು ಆಡುವವರ ಕೈಗೆ ಮುಟ್ಟಿಸುವ ಆಟ ನನ್ನ ಲೆಕ್ಕದಲ್ಲಿ ಮೇಲಿನದು.

ಆ ಲೆಕ್ಕದಲ್ಲಿ ಮೊದಲು ನಿಲ್ಲುವುದು ಸಿಮ್‌ಅರ್ಥ್. 1990ರಲ್ಲಿ ಅಮೆರಿಕದ ಮ್ಯಾಕ್ಸಿಸ್ ಕಂಪನಿ ಹೊರತಂದ ಈ ಕಂಪ್ಯೂಟರ್ ಆಟವನ್ನು ರೂಪಿಸಿದವರು, ಅದರ ಹಿಂದಿನ ವರ್ಷ ಸಿಮ್‌ಸಿಟಿಯಿಂದ ಹೆಸರಾಗಿದ್ದ ವಿಲ್ ರೈಟ್. ಜೀವಿಗಳೂ ಅವುಗಳ ಸುತ್ತಲ ಗಾಳಿ, ನೀರು, ನೆಲಗಳೂ ಸೇರಿ ತನ್ನನ್ನು ತಾನೇ ಹದದಲ್ಲಿಟ್ಟುಕೊಳ್ಳುವ ಒಂದೇ ವ್ಯವಸ್ಥೆ ಎನ್ನುವ, ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ಅವರ ಗಾಯಾ ಸಿದ್ಧಾಂತ ಅದರ ಬೆನ್ನೆಲುಬು. ಲವ್‌ಲಾಕ್ ಸ್ವತಃ ಅದರ ತಯಾರಿಕೆಯಲ್ಲಿ ಸಲಹೆಗಾರರಾಗಿದ್ದರು. ಸಾವಿರ ಕೋಟಿ ವರ್ಷಗಳ ಆಯುಸ್ಸಿನ ಒಂದು ಗ್ರಹ ನಿಮ್ಮ ಕೈಯಲ್ಲಿರುತ್ತದೆ. ಮೊದಲು ಭೂಖಂಡಗಳು ಸರಿಯುತ್ತವೆ, ಕಡಲು ತುಂಬುತ್ತದೆ, ಏಕಕೋಶ ಜೀವಿಗಳು ಹುಟ್ಟುತ್ತವೆ, ಅವುಗಳಿಂದ ಮೀನು, ಕೀಟ, ಸರೀಸೃಪ, ಹಕ್ಕಿ, ಸಸ್ತನಿಗಳು ಕವಲೊಡೆಯುತ್ತವೆ. ಯಾವ ಗುಂಪಿಗೆ ಬುದ್ಧಿ ಬರುತ್ತದೆ ಎಂಬುದು ಮೊದಲೇ ಗೊತ್ತುಪಡಿಸಿದ್ದಲ್ಲ. ಒಂದು ಗ್ರಹದಲ್ಲಿ ಸಸ್ತನಿಗಳು ಊರು ಕಟ್ಟಿದರೆ ಇನ್ನೊಂದರಲ್ಲಿ ಸರೀಸೃಪಗಳೋ ಕೀಟಗಳೋ ಕಟ್ಟಬಹುದು. ಶಿಲಾಯುಗದಿಂದ ಹೊರಟ ನಾಗರಿಕತೆ ಪಳೆಯುಳಿಕೆ ಇಂಧನವನ್ನು ಸುಡತೊಡಗಿದಾಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಅದನ್ನೆಲ್ಲ ದಾಟಿ ಉಳಿದವರು ಕೊನೆಗೆ ನೌಕೆಗಳನ್ನೇರಿ ಗ್ರಹವನ್ನು ಬಿಟ್ಟು ಹೋಗುತ್ತಾರೆ, ಗ್ರಹ ಮತ್ತೆ ವನ್ಯಜೀವಿಗಳ ಪಾಲಾಗುತ್ತದೆ. ನೀವು ಮಾಡುವ ಪ್ರತಿಯೊಂದು ಹಸ್ತಕ್ಷೇಪಕ್ಕೂ ಶಕ್ತಿಯ ವೆಚ್ಚವಿದೆ, ಆ ಶಕ್ತಿ ಮಿತವಾಗಿದೆ. ಆದ್ದರಿಂದ ಕೈಕಟ್ಟಿ ನೋಡುವುದನ್ನೂ ಆಟ ಕಲಿಸುತ್ತದೆ.

ಈ ಆಟದ ಒಳಗೇ ಅಡಗಿರುವ ಒಂದು ಪುಟ್ಟ ಗ್ರಹಕ್ಕಾಗಿಯೇ ನಾನು ಸಿಮ್‌ಅರ್ಥ್ ಅನ್ನು ಇಂದಿಗೂ ಶಿಫಾರಸು ಮಾಡುತ್ತೇನೆ. ಅದರ ಹೆಸರು ಡೈಸಿವರ್ಲ್ಡ್. ಲವ್‌ಲಾಕ್ ಮತ್ತು ಆಂಡ್ರ್ಯೂ ವಾಟ್ಸನ್ 1983ರಲ್ಲಿ ಪ್ರಕಟಿಸಿದ ಗಣಿತದ ಮಾದರಿಯೊಂದು ಅದರ ಮೂಲ. ಆ ಮಾದರಿಯ ಗ್ರಹದಲ್ಲಿರುವುದು ಎರಡೇ ಬಗೆಯ ಡೈಸಿ ಹೂಗಳು, ಕಪ್ಪು ಮತ್ತು ಬಿಳಿ. ಎರಡೂ 5 ಡಿಗ್ರಿಯಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ ಮಾತ್ರ ಬೆಳೆಯುತ್ತವೆ, 22.5 ಡಿಗ್ರಿಯಲ್ಲಿ ಹುಲುಸಾಗಿ ಬೆಳೆಯುತ್ತವೆ. ಸೂರ್ಯ ಮಂದವಾಗಿರುವಾಗ ಬಿಸಿಲನ್ನು ಹೀರಿಕೊಳ್ಳುವ ಕಪ್ಪು ಹೂಗಳು ತಮ್ಮ ಸುತ್ತಲ ನೆಲವನ್ನು ಬೆಚ್ಚಗಾಗಿಸಿಕೊಂಡು ಹಬ್ಬುತ್ತವೆ. ಅವು ಹಬ್ಬಿದಷ್ಟೂ ಇಡೀ ಗ್ರಹ ಬೆಚ್ಚಗಾಗುತ್ತದೆ. ಸೂರ್ಯ ಪ್ರಖರವಾಗುತ್ತ ಹೋದಂತೆ ಬಿಳಿ ಹೂಗಳ ಸರದಿ ಬರುತ್ತದೆ: ಮಾಳಿಗೆಗೆ ಸುಣ್ಣ ಬಳಿದ ಮನೆ ಬೇಸಗೆಯಲ್ಲಿ ತಂಪಾಗಿರುವ ಹಾಗೆ, ಬಿಳಿ ಹೂಗಳು ಬಿಸಿಲನ್ನು ಹಿಂದಕ್ಕೆ ಚೆಲ್ಲಿ ನೆಲವನ್ನು ತಣ್ಣಗಿಡುತ್ತವೆ. ಯಾವ ಹೂವಿಗೂ ಗ್ರಹವನ್ನು ಕಾಯುವ ಉದ್ದೇಶವಿಲ್ಲ, ಆದರೂ ಸೂರ್ಯನ ತಾಪ ಏರುತ್ತಲೇ ಇರುವಾಗ ಗ್ರಹದ ಉಷ್ಣತೆ ಬಹುಕಾಲ ಒಂದೇ ಮಟ್ಟದ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೊನೆಗೊಂದು ಹಂತದಲ್ಲಿ ಗ್ರಹವನ್ನೆಲ್ಲ ಬಿಳಿ ಹೂವೇ ತುಂಬಿಕೊಂಡು, ಇನ್ನು ಹಬ್ಬಲು ಜಾಗವಿಲ್ಲವಾದಾಗ, ಅಷ್ಟು ಕಾಲ ಸ್ಥಿರವಾಗಿದ್ದ ವ್ಯವಸ್ಥೆ ಒಮ್ಮೆಲೇ ಕುಸಿಯುತ್ತದೆ.

ಸಿಮ್‌ಅರ್ಥ್‌ನಲ್ಲಿ ಈ ಮಾದರಿಯನ್ನು ಹಲವು ಛಾಯೆಯ ಹೂಗಳೊಂದಿಗೆ ಕಣ್ಣೆದುರು ಓಡಿಸಿ ನೋಡಬಹುದು. ಹೂಗಳ ಬಣ್ಣ ತಿಳಿಯಾಗುತ್ತ ಹೋಗುವುದನ್ನೂ ಉಷ್ಣತೆಯ ಗೆರೆ ಅಲುಗದೆ ನಿಂತಿರುವುದನ್ನೂ ಒಟ್ಟಿಗೆ ನೋಡಿದ ಪ್ರೌಢಶಾಲೆಯ ವಿದ್ಯಾರ್ಥಿಗೆ ಸಮತೋಲನ ಎಂದರೇನು, ಅದು ಹೇಗೆ ಮುರಿಯುತ್ತದೆ ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ. ನಿಜವಾದ ಭೂಮಿ ಇಷ್ಟು ಸರಳವಲ್ಲ ಎಂಬುದನ್ನು ಮಾತ್ರ ಹಿರಿಯರು ಜೊತೆಯಲ್ಲಿ ಕುಳಿತು ಹೇಳಬೇಕು. ಗಾಯಾ ಸಿದ್ಧಾಂತದ ಬಗ್ಗೆ ಜೀವವಿಜ್ಞಾನಿಗಳಲ್ಲೇ ತೀವ್ರ ಭಿನ್ನಾಭಿಪ್ರಾಯವಿತ್ತು, ಮತ್ತು ಡೈಸಿವರ್ಲ್ಡ್ ಹುಟ್ಟಿದ್ದೇ ಆ ಟೀಕೆಗಳಿಗೆ ಉತ್ತರವಾಗಿ.

ಇದರ ಕೊರತೆಗಳನ್ನೂ ಹೇಳಬೇಕು. ಮೂವತ್ತೈದು ವರ್ಷ ಹಳೆಯ ಆಟವಾದ್ದರಿಂದ ಪರದೆಯ ಚಿತ್ರಗಳು ಒರಟಾಗಿವೆ, ಕಿಟಕಿಗಳ ಮೇಲೆ ಕಿಟಕಿಗಳು ತೆರೆದುಕೊಳ್ಳುತ್ತವೆ, ಕೈಪಿಡಿ ಒಂದು ಪಠ್ಯಪುಸ್ತಕದಷ್ಟು ದಪ್ಪವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಜೀವಿಗಳು ಸಾಲಾಗಿ ಅಳಿದುಹೋಗುವಾಗ ಕಾರಣ ಯಾವುದೆಂದು ಆಟ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನಕ್ಷೆಗಳನ್ನೂ ರೇಖಾಚಿತ್ರಗಳನ್ನೂ ಹೋಲಿಸಿ ನೀವೇ ಕಂಡುಹಿಡಿಯಬೇಕು. ತಾಳ್ಮೆಯುಳ್ಳವರಿಗೆ ಇದೇ ಸುಖ, ಉಳಿದವರಿಗೆ ಅರ್ಧ ಗಂಟೆಯಲ್ಲಿ ಬೇಸರ. ಹಳೆಯ ಡಾಸ್ ಆವೃತ್ತಿಯನ್ನು ಇಂದಿನ ಕಂಪ್ಯೂಟರಿನಲ್ಲಿ ಆಡಲು ಡಾಸ್‌ಬಾಕ್ಸ್‌ನಂಥ ತಂತ್ರಾಂಶ ಬೇಕಾಗುತ್ತದೆ, ಅದನ್ನು ಹೊಂದಿಸಿಕೊಡಬಲ್ಲವರು ಮನೆಯಲ್ಲಿದ್ದರೆ ಒಳ್ಳೆಯದು.

ಕಣ್ಣಿಗೆ ಹಿತವಾಗಿರಬೇಕು, ಸಂಜೆಯ ಒಂದು ಗಂಟೆಯನ್ನು ನೆಮ್ಮದಿಯಾಗಿ ಕಳೆಯುವಂತಿರಬೇಕು ಎನ್ನುವವರಿಗೆ ಟೆರ್ರಾ ನಿಲ್ ಸರಿಯಾದ ಆಯ್ಕೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಫ್ರೀ ಲೈವ್ಸ್ ತಂಡ ಇದನ್ನು ರೂಪಿಸಿತು, 2023ರ ಮಾರ್ಚಿನಲ್ಲಿ ಇದು ಕಂಪ್ಯೂಟರಿಗೂ ನೆಟ್‌ಫ್ಲಿಕ್ಸ್ ಮೂಲಕ ಮೊಬೈಲಿಗೂ ಬಂತು. ನಗರ ಕಟ್ಟುವ ಆಟಗಳನ್ನು ತಲೆಕೆಳಗು ಮಾಡಿದ ಆಟ ಇದು: ಬೆಂದು ಬರಡಾದ ನೆಲ ನಿಮಗೆ ಸಿಗುತ್ತದೆ, ಗಾಳಿಯಂತ್ರಗಳನ್ನಿಟ್ಟು ವಿದ್ಯುತ್ ಪಡೆಯುತ್ತೀರಿ, ವಿಷ ಕಳೆದು ನೀರುಣಿಸಿ ಹುಲ್ಲು ಬರಿಸುತ್ತೀರಿ, ನೆಲ ಹಸಿರಾದಂತೆ ಮುಂದಿನ ಯಂತ್ರಗಳಿಗೆ ಬೇಕಾದ ಅಂಕ ದೊರೆಯುತ್ತದೆ. ಕೊನೆಯ ಹಂತವೇ ಇದರ ವಿಶೇಷ. ನೀವು ಕಟ್ಟಿದ ಪ್ರತಿಯೊಂದು ಯಂತ್ರವನ್ನೂ ಬಿಚ್ಚಿ, ಹಡಗಿಗೆ ತುಂಬಿಕೊಂಡು, ನೆಲದ ಮೇಲೆ ನಿಮ್ಮ ಗುರುತೇ ಉಳಿಯದಂತೆ ಹೊರಟುಹೋಗಬೇಕು.

ಟೆರ್ರಾ ನಿಲ್ ಎಲ್ಲೆಂದರಲ್ಲಿ ಮರ ನೆಡಿ ಎನ್ನುವುದಿಲ್ಲ, ಇದಕ್ಕಾಗಿ ಅದನ್ನು ಮೆಚ್ಚುತ್ತೇನೆ. ಹುಲ್ಲುಗಾವಲು, ಜೌಗು, ಕಾಡು ಪ್ರತಿಯೊಂದಕ್ಕೂ ತನ್ನದೇ ಪಾಲಿರಬೇಕು ಎನ್ನುತ್ತದೆ. ಒಂದು ಹಂತದಲ್ಲಿ ನೀವೇ ಹಬ್ಬಿಸಿದ ಹಸಿರಿಗೆ ಬೆಂಕಿ ಕೊಟ್ಟು, ಆ ಬೂದಿಯ ಮೇಲೆ ಕಾಡನ್ನು ಎಬ್ಬಿಸಬೇಕಾಗುತ್ತದೆ. ಬೆಂಕಿಯಿಂದಲೇ ಮರುಹುಟ್ಟು ಪಡೆಯುವ ಕುರುಚಲು ಸಸ್ಯಸಂಪತ್ತು ಕೇಪ್ ಪ್ರಾಂತ್ಯದಲ್ಲಿ ನಿಜವಾಗಿಯೂ ಇರುವುದರಿಂದ, ಆ ಊರಿನ ತಂಡಕ್ಕೆ ಈ ಕಲ್ಪನೆ ಸಹಜವಾಗಿ ಬಂದಿರಬೇಕು. ನಮಗೂ ಇದು ಬೇಕಾದ ಪಾಠವೇ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲಿನಂಥ ತೆರೆದ ಹುಲ್ಲುಗಾವಲನ್ನು ಬಂಜರು ಎಂದು ಬಗೆದು ನೀಲಗಿರಿ ನೆಟ್ಟ ಚರಿತ್ರೆ ನಮ್ಮಲ್ಲಿದೆ. ಆದರೆ ನನ್ನ ಪ್ರಶ್ನೆಯ ಮುಂದೆ ಟೆರ್ರಾ ನಿಲ್ ಸೋಲುತ್ತದೆ. ನೆಲವನ್ನು ಬರಡು ಮಾಡಿದವರು ಯಾರೆಂದು ಅದು ಹೇಳುವುದಿಲ್ಲ, ಅಲ್ಲಿ ಜನರೇ ಇಲ್ಲ, ಮತ್ತು ಸರಿಪಡಿಸಿದ ನೆಲ ನೀವು ಬಿಟ್ಟ ಹಾಗೆಯೇ ಇರುತ್ತದೆ. ಏಳೆಂಟು ವರ್ಷದ ಮಗುವಿನೊಂದಿಗೆ ಕುಳಿತು ಆಡಲು ಇದಕ್ಕಿಂತ ಒಳ್ಳೆಯದು ಸಿಗಲಾರದು. ಓದಬೇಕಾದ ಬರಹವೂ ಕಡಿಮೆ.

ಮೇಜಿನ ಸುತ್ತ ಕುಳಿತು ಆಡುವವರಿಗೆ ನಾನು ಮೊದಲು ಹೇಳುವ ಹೆಸರು ಡೇಬ್ರೇಕ್. ಸಾಂಕ್ರಾಮಿಕ ರೋಗಗಳನ್ನು ಎಲ್ಲರೂ ಸೇರಿ ತಡೆಯುವ ಪ್ಯಾಂಡೆಮಿಕ್ ಆಟವನ್ನು ರೂಪಿಸಿದ ಮ್ಯಾಟ್ ಲೀಕಾಕ್, ಮಟ್ಟೆಯೊ ಮೆನಪಾಚೆ ಅವರೊಂದಿಗೆ ಇದನ್ನು ಮಾಡಿದರು. 2023ರಲ್ಲಿ ಪ್ರಕಟವಾಯಿತು, 2024ರಲ್ಲಿ ಜರ್ಮನಿಯ ಕೆನ್ನರ್‌ಶ್ಪೀಲ್ ಪ್ರಶಸ್ತಿ ಪಡೆಯಿತು. ಒಬ್ಬರಿಂದ ನಾಲ್ವರವರೆಗೆ ಆಡಬಹುದು. ಅಮೆರಿಕ, ಯುರೋಪ್, ಚೀನಾ ತಲಾ ಒಂದು ಸ್ಥಾನ. ನಾಲ್ಕನೆಯ ಸ್ಥಾನ ಬಹುಸಂಖ್ಯಾತ ಜಗತ್ತಿನದು, ಅಂದರೆ ಭಾರತವೂ ಸೇರಿದಂತೆ ಜಗತ್ತಿನ ಉಳಿದ ಬಹುಪಾಲು ಜನರದು. ಇಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದಿಲ್ಲ. ಆರು ಸುತ್ತುಗಳೊಳಗೆ ಜಗತ್ತು ಉಗುಳುವ ಇಂಗಾಲಕ್ಕಿಂತ ಹೀರಿಕೊಳ್ಳುವ ಇಂಗಾಲ ಹೆಚ್ಚಾಗಬೇಕು; ಅದಕ್ಕೆ ಮೊದಲೇ ಉಷ್ಣತೆಯ ಏರಿಕೆ 2 ಡಿಗ್ರಿಯ ಗೆರೆಯನ್ನು ದಾಟಿದರೆ, ಅಥವಾ ಯಾರೊಬ್ಬರ ಪಾಲಿನಲ್ಲಾದರೂ 12 ಸಮುದಾಯಗಳು ಸಂಕಷ್ಟಕ್ಕೆ ಬಿದ್ದರೆ, ಎಲ್ಲರೂ ಒಟ್ಟಿಗೆ ಸೋಲುತ್ತಾರೆ.

ಒಂದು ಸುತ್ತನ್ನು ಹತ್ತಿರದಿಂದ ನೋಡೋಣ. ಪ್ರತಿಯೊಬ್ಬರ ಎದುರು ಐದು ಯೋಜನೆಗಳ ಸಾಲಿದೆ, ಕೈಯಲ್ಲಿ ಕಾರ್ಡುಗಳಿವೆ. ಕೈಯಲ್ಲಿರುವ ಕಾರ್ಡನ್ನು ಹೊಸ ಯೋಜನೆಯಾಗಿ ಮೇಲಿಡಬಹುದು, ಇರುವ ಯೋಜನೆಯ ಹಿಂದೆ ಸೇರಿಸಿ ಅದಕ್ಕೆ ಬಲ ಕೊಡಬಹುದು, ಅಥವಾ ಯೋಜನೆಯೊಂದನ್ನು ನಡೆಸಲು ಖರ್ಚು ಮಾಡಬಹುದು; ಇದೇ ಕಾರಣಕ್ಕೆ ಒಂದೊಂದು ಕಾರ್ಡೂ ಚರ್ಚೆಗೆ ಎಡೆಮಾಡಿಕೊಡುತ್ತದೆ. ಕಲ್ಲಿದ್ದಲಿನ ವಿದ್ಯುತ್ತನ್ನು ತೆಗೆದು ಶುದ್ಧ ವಿದ್ಯುತ್ತನ್ನು ತರಬೇಕು, ಆದರೆ ಪ್ರತಿ ಸುತ್ತಿನಲ್ಲಿ ವಿದ್ಯುತ್ತಿನ ಬೇಡಿಕೆಯೂ ಏರುತ್ತದೆ, ಅದನ್ನು ಪೂರೈಸದಿದ್ದರೆ ನಿಮ್ಮ ಸಮುದಾಯಗಳು ಸಂಕಷ್ಟಕ್ಕೆ ಬೀಳುತ್ತವೆ. ಎಲ್ಲರ ಕೆಲಸ ಮುಗಿದ ಮೇಲೆ ಎಲ್ಲರ ಇಂಗಾಲದ ಘನಗಳನ್ನು ನಡುಹಲಗೆಗೆ ತರಲಾಗುತ್ತದೆ. ಮೊದಲು ಮರಗಳು ಮತ್ತು ಕಡಲು ತಮ್ಮ ಪಾಲನ್ನು ಹೀರುತ್ತವೆ. ಉಳಿದದ್ದು ತಾಪಮಾಪಕವನ್ನು ಏರುತ್ತದೆ. ತಾಪ ಏರಿದಷ್ಟೂ ದಾಳವನ್ನು ಹೆಚ್ಚು ಬಾರಿ ಉರುಳಿಸಬೇಕು, ಬಿಕ್ಕಟ್ಟುಗಳ ಪೆಟ್ಟೂ ಹೆಚ್ಚು. ಆ ದಾಳದಿಂದ ಹಿಮ ಕರಗುತ್ತದೆ, ಕಡಲು ಆಮ್ಲೀಯವಾಗುತ್ತದೆ, ಇಂಗಾಲ ಹೀರುತ್ತಿದ್ದ ಬಿಲ್ಲೆಗಳೇ ಹಲಗೆಯಿಂದ ಎದ್ದುಹೋಗಬಹುದು. ಬೆಚ್ಚಗಾದ ಗ್ರಹ ಇನ್ನಷ್ಟು ಬೆಚ್ಚಗಾಗಲು ತಾನೇ ಕಾರಣವಾಗುವ ಈ ಸುಳಿಯನ್ನು ಇಷ್ಟು ಸ್ಪಷ್ಟವಾಗಿ ಕಾಣಿಸಿದ ಬೋರ್ಡ್ ಗೇಮ್ ಇನ್ನೊಂದನ್ನು ನಾನು ಆಡಿಲ್ಲ.

ಡೇಬ್ರೇಕ್ ನನಗೆ ಇಷ್ಟವಾಗಲು ಇನ್ನೊಂದು ಕಾರಣ ಅದರ ಎರಡನೆಯ ಸೋಲಿನ ದಾರಿ. ಉಷ್ಣತೆ ಹತೋಟಿಯಲ್ಲಿದ್ದರೂ ಯಾರದೋ ಊರುಗಳು ನೆರೆಯಲ್ಲಿ ಬರದಲ್ಲಿ ಮುಳುಗಿದರೆ ಆಟ ಮುಗಿಯುತ್ತದೆ. ಹಾಗಾಗಿ ಅಮೆರಿಕದ ಸ್ಥಾನದಲ್ಲಿ ಕುಳಿತವರು ತಮ್ಮ ಹೊರಸೂಸುವಿಕೆ ಇಳಿದ ಸಂತೋಷದಲ್ಲಿ ಕೈತೊಳೆದುಕೊಂಡು ಕೂರುವಂತಿಲ್ಲ. ಒಬ್ಬ ಭಾರತೀಯನ ತಲಾ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವನದು ಸುಮಾರು 14 ಟನ್. ನಾಲ್ಕು ಸ್ಥಾನಗಳು ಬೇರೆಬೇರೆ ಬಲ ಮತ್ತು ಹೊರೆಯೊಂದಿಗೆ ಆರಂಭಿಸುವುದರ ಹಿಂದಿನ ತರ್ಕ ಈ ಅಂಕಿಗಳಲ್ಲಿದೆ. ಮನೆಯಲ್ಲಿ ಆಡುವಾಗ ಬಹುಸಂಖ್ಯಾತ ಜಗತ್ತಿನ ಸ್ಥಾನವನ್ನು ಮಕ್ಕಳಿಗೆ ಕೊಡಿ ಎಂಬುದು ನನ್ನ ಸಲಹೆ, ಏಕೆಂದರೆ ಬೇರೆಯವರಿಂದ ನೆರವು ಕೇಳುವ ಮಾತು ಅಲ್ಲಿಂದಲೇ ಏಳುತ್ತದೆ.

ಇಂಗ್ಲಿಷ್ ಆವೃತ್ತಿಯ ಕಾರ್ಡುಗಳಲ್ಲಿ ಬರಹ ಬಹಳ, ಇದು ಇಲ್ಲಿಯ ಮುಖ್ಯ ತೊಡಕು. ಇಂಗ್ಲಿಷ್ ಸಲೀಸಾಗಿ ಬಾರದ ಹಿರಿಯರೋ ಕಿರಿಯರೋ ಇದ್ದರೆ ಒಬ್ಬರು ಪ್ರತಿ ಕಾರ್ಡನ್ನೂ ಕನ್ನಡದಲ್ಲಿ ಹೇಳುತ್ತ ಹೋಗಬೇಕು. ಆಟ ನಿಧಾನವಾಗುತ್ತದೆ, ಆದರೆ ಈ ನಿಧಾನ ನಷ್ಟವೇನಲ್ಲ. ಸೌರವಿದ್ಯುತ್ತಿನ ಕಾರ್ಡು ಬಂದಾಗ ತುಮಕೂರು ಜಿಲ್ಲೆಯ ಪಾವಗಡದಲ್ಲಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನದ ಮಾತೆತ್ತಬಹುದು, ಅಲ್ಲಿ ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದನ್ನು ಹೇಳಬಹುದು, ಜಮೀನಿಲ್ಲದ ಕೂಲಿಕಾರರಿಗೆ ಅದರಿಂದ ಏನು ದಕ್ಕಿತು ಎಂದು ಕೇಳಬಹುದು. ಕಾರ್ಡುಗಳ ಮೇಲಿರುವ ಕ್ಯೂಆರ್ ಗುರುತನ್ನು ಮೊಬೈಲಿನಲ್ಲಿ ತೆರೆದರೆ ಆಯಾ ವಿಷಯದ ವಿವರಣೆ ದೊರೆಯುತ್ತದೆ. ಶಾಲೆಗಳಲ್ಲಿ ಬಳಸುವ ಶಿಕ್ಷಕರಿಗೆ ಇದು ಬಹಳ ಉಪಯುಕ್ತ. ಒಂದು ಆಟಕ್ಕೆ ಒಂದೂವರೆ ಗಂಟೆಯಾದರೂ ಇಟ್ಟುಕೊಳ್ಳಬೇಕು, ಮೊದಲ ಸಲಕ್ಕೆ ಇನ್ನೂ ಹೆಚ್ಚು. ಮತ್ತೊಂದು ಮಾತು: ಎಲ್ಲರೂ ಒಂದೇ ಕಡೆ ಇರುವ ಆಟಗಳಲ್ಲಿ ಅನುಭವಿಯೊಬ್ಬರು ಉಳಿದವರ ಕೈಯ ಕಾರ್ಡುಗಳನ್ನೂ ತಾವೇ ನಡೆಸಲು ತೊಡಗುವುದುಂಟು. ಇಲ್ಲಿ ಎಲ್ಲರೂ ಏಕಕಾಲಕ್ಕೆ ತಮ್ಮ ತಮ್ಮ ಯೋಜನೆಗಳನ್ನು ನಡೆಸುವುದರಿಂದ ಆ ಕಾಟ ಕಡಿಮೆ.

ಸ್ಪರ್ಧೆಯಿಲ್ಲದಿದ್ದರೆ ಆಡಿದಂತೆಯೇ ಆಗುವುದಿಲ್ಲ ಎನ್ನುವ ಗುಂಪಿಗೆ ಎರಡು ಆಯ್ಕೆಗಳನ್ನು ಎದುರುಬದುರು ಇಡುತ್ತೇನೆ. ಎವಲ್ಯೂಷನ್: ಕ್ಲೈಮೇಟ್ 2016ರಲ್ಲಿ ನಾರ್ತ್ ಸ್ಟಾರ್ ಗೇಮ್ಸ್ ಹೊರತಂದ ಕಾರ್ಡ್ ಆಟ; ಆರು ಮಂದಿಯವರೆಗೆ ಆಡಬಹುದು. ನೀವು ಪ್ರಾಣಿಗಳನ್ನು ರೂಪಿಸುತ್ತೀರಿ, ಅವುಗಳಿಗೆ ದಪ್ಪ ತುಪ್ಪಳ, ಕೆಸರಿನಲ್ಲಿ ಹೊರಳುವ ಅಭ್ಯಾಸ, ವಲಸೆ, ನಿಶಾಚರ ಬದುಕು ಮೊದಲಾದ ಲಕ್ಷಣಗಳನ್ನು ಕೊಡುತ್ತೀರಿ. ಪ್ರತಿ ಸುತ್ತಿನಲ್ಲಿ ಎಲ್ಲರೂ ಗುಟ್ಟಾಗಿ ನೀರಿನ ಹೊಂಡಕ್ಕೆ ಹಾಕುವ ಕಾರ್ಡುಗಳು ಆಹಾರ ಎಷ್ಟಿದೆ ಎಂಬುದನ್ನೂ ಹವೆ ಬಿಸಿಯತ್ತ ವಾಲಬೇಕೋ ಚಳಿಯತ್ತ ವಾಲಬೇಕೋ ಎಂಬುದನ್ನೂ ನಿರ್ಧರಿಸುತ್ತವೆ. ಚಳಿಗೆಂದು ತುಪ್ಪಳ ಕೊಟ್ಟು ಬೆಳೆಸಿದ ಪ್ರಾಣಿಗೆ ಹವೆ ತಿರುಗಿದಾಗ ಆ ತುಪ್ಪಳ ನೆರವಾಗುವುದಿಲ್ಲ. ಹೊಂದಿಕೊಳ್ಳುವುದೆಂದರೆ ಏನು, ಹವೆ ಬೇಗ ಬದಲಾದರೆ ಹೊಂದಿಕೊಳ್ಳಲು ಸಮಯವೇ ಸಿಗದಿರುವುದೆಂದರೆ ಏನು ಎಂಬುದನ್ನು ಇದು ನೇರವಾಗಿ ಮನಗಾಣಿಸುತ್ತದೆ. ಹವೆಯನ್ನು ಬದಲಿಸುವುದು ಪ್ರಾಣಿಗಳಲ್ಲ, ಆಡುವವರ ಲೆಕ್ಕಾಚಾರ ಎಂಬುದಷ್ಟೇ ಕೊರತೆ.

ಟೆರಾಫಾರ್ಮಿಂಗ್ ಮಾರ್ಸ್ ಇವುಗಳಲ್ಲೆಲ್ಲ ಹೆಚ್ಚು ಪ್ರಸಿದ್ಧ, ಮತ್ತು ಆ ಪ್ರಸಿದ್ಧಿ ಸಲ್ಲಬೇಕಾದದ್ದೇ. ಸ್ವೀಡನ್ನಿನ ಯಾಕೊಬ್ ಫ್ರಿಕ್ಸೀಲಿಯಸ್ 2016ರಲ್ಲಿ ರೂಪಿಸಿದ ಈ ಆಟದಲ್ಲಿ ಕಂಪನಿಗಳು ಮಂಗಳ ಗ್ರಹವನ್ನು ವಾಸಯೋಗ್ಯ ಮಾಡಲು ಪೈಪೋಟಿ ನಡೆಸುತ್ತವೆ: ಉಷ್ಣತೆ ಮೈನಸ್ 30ರಿಂದ 8 ಡಿಗ್ರಿಗೆ ಏರಬೇಕು, ಆಮ್ಲಜನಕ ಶೇಕಡಾ 14 ಮುಟ್ಟಬೇಕು, ಒಂಬತ್ತು ಕಡಲುಗಳು ತುಂಬಬೇಕು. ಹಕ್ಕಿಗಳ ಕಾರ್ಡನ್ನು ಆಡಬೇಕಾದರೆ ಆಮ್ಲಜನಕ ಶೇಕಡಾ 13 ಆಗಿರಬೇಕು ಎಂಬಂಥ ನಿಯಮಗಳಲ್ಲಿ ಜೀವ ಹಂತಹಂತವಾಗಿ ನೆಲೆಯೂರುವ ಕ್ರಮ ಚೆನ್ನಾಗಿ ಮೂಡಿದೆ. ಆದರೆ ಅಲ್ಲಿ ಗ್ರಹ ಸುಧಾರಿಸುವುದಲ್ಲದೆ ಕೆಡುವುದಿಲ್ಲ. ಏರಿದ ಉಷ್ಣತೆ ಎಂದೂ ಯಾರನ್ನೂ ಬಾಧಿಸುವುದಿಲ್ಲ. ಎರಡು ಗಂಟೆಗೂ ಮಿಕ್ಕ ಸಮಯ, ಇನ್ನೂರಕ್ಕೂ ಹೆಚ್ಚು ಕಾರ್ಡುಗಳು, ಆಳವಾದ ಲೆಕ್ಕಾಚಾರ ಬೇಕೆನ್ನುವ ವಯಸ್ಕರು ಕಣ್ಣುಮುಚ್ಚಿ ಕೊಳ್ಳಬಹುದು. ಬದಲಾಗುವ ಭೂಮಿಯ ಬಗ್ಗೆ ಮಕ್ಕಳೊಂದಿಗೆ ಮಾತಾಡಲು ಒಂದು ಆಟ ಬೇಕೆಂದು ಹೊರಟವರು ಇದನ್ನು ಕೊಳ್ಳುವುದು ಬೇಡ. ಇಂದಿನ ಭೂಮಿಯ ಸಂಕಟದ ಎದುರು ಇದು ಕೊಡುವ ಭರವಸೆ ತಪ್ಪು ದಿಕ್ಕಿನದು ಎಂದೇ ನನ್ನ ಅಭಿಪ್ರಾಯ.

ಹಣ ಹಾಕುವ ಮೊದಲು ಈ ಬಗೆಯ ಆಟ ತಮಗೆ ಹಿಡಿಸುತ್ತದೆಯೇ ಎಂದು ನೋಡಬಯಸುವವರಿಗೆ ಬೀಕಾರ್ಬನೈಸ್ ಇದೆ. ಪ್ರಾಗ್ ನಗರದ ಚಾರ್ಲ್ಸ್ ಗೇಮ್ಸ್ 2023ರಲ್ಲಿ ಬಿಡುಗಡೆ ಮಾಡಿದ ಈ ಆಟ ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಉಚಿತ. ಉದ್ಯಮ, ಪರಿಸರ, ಜನ, ವಿಜ್ಞಾನ ಎಂಬ ನಾಲ್ಕು ವಲಯಗಳಲ್ಲಿ ಕಾರ್ಡುಗಳನ್ನು ಬೆಳೆಸುತ್ತ ಹೋಗಬೇಕು. ಗಡಿಯಾರ ಓಡುತ್ತಲೇ ಇರುತ್ತದೆ, ಹೊರಸೂಸುವಿಕೆ ಏರುತ್ತಲೇ ಇರುತ್ತದೆ. ಮೊದಲ ಕೆಲವು ಸಲ ಸೋಲು ಖಚಿತವೆಂದೇ ತಿಳಿದು ಆಡಬೇಕು. ಉದ್ಯಮವನ್ನೇ ನೆಚ್ಚಿದರೆ ಗಾಳಿ ಕೆಡುತ್ತದೆ, ಉದ್ಯಮವನ್ನು ಬಿಟ್ಟರೆ ಉಳಿದದ್ದಕ್ಕೆ ಬಂಡವಾಳವಿಲ್ಲ. ಈ ಇಕ್ಕಟ್ಟನ್ನು ಅರ್ಧ ಗಂಟೆಯೊಳಗೆ ಇದು ಮುಂದಿಡುತ್ತದೆ.

ಹಾಗಾದರೆ ಕೊಳ್ಳುವುದು ಯಾವುದನ್ನು? ಮನೆಯಲ್ಲಿ ಹತ್ತು ದಾಟಿದ ಮಕ್ಕಳಿದ್ದು, ವಾರಾಂತ್ಯದಲ್ಲಿ ಮೂರು ನಾಲ್ಕು ಜನ ಒಟ್ಟಿಗೆ ಕೂರುವ ರೂಢಿಯಿದ್ದರೆ ಡೇಬ್ರೇಕ್. ಒಬ್ಬರೇ ಕುಳಿತು ತಲೆ ಓಡಿಸುವ ಸ್ವಭಾವದವರಾಗಿದ್ದು, ಹಳೆಯ ಚಿತ್ರಗಳ ಬಗ್ಗೆ ಬೇಸರವಿಲ್ಲದಿದ್ದರೆ ಸಿಮ್‌ಅರ್ಥ್, ಅದರಲ್ಲೂ ಮೊದಲು ಡೈಸಿವರ್ಲ್ಡ್. ಚಿಕ್ಕ ಮಗುವಿದ್ದರೆ ಟೆರ್ರಾ ನಿಲ್. ಐದಾರು ಮಂದಿ ಸೇರುವ ಗೆಳೆಯರ ಬಳಗಕ್ಕೆ ಎವಲ್ಯೂಷನ್: ಕ್ಲೈಮೇಟ್ ಒಂದೇ ಹೊಂದುತ್ತದೆ, ಏಕೆಂದರೆ ಡೇಬ್ರೇಕ್‌ನಲ್ಲಿ ಐದನೆಯವರಿಗೆ ಸ್ಥಾನವಿಲ್ಲ. ಶಾಲೆಯ ಗ್ರಂಥಾಲಯಕ್ಕೆ ಒಂದೇ ಪೆಟ್ಟಿಗೆ ಕೊಳ್ಳುವಷ್ಟು ಹಣವಿದ್ದರೆ ಡೇಬ್ರೇಕ್ ಅನ್ನೇ ಕೊಳ್ಳಿ, ಒಂದೊಂದು ಸ್ಥಾನಕ್ಕೆ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕೂರಿಸಿ ಆಡಿಸಿ. ತಮ್ಮ ತಮ್ಮಲ್ಲೇ ಮಾತಾಡಿಕೊಂಡು ತೀರ್ಮಾನಕ್ಕೆ ಬರಬೇಕಾದ್ದರಿಂದ ಆಟ ಇನ್ನೂ ಚೆನ್ನಾಗಿ ನಡೆಯುತ್ತದೆ.

ಡೇಬ್ರೇಕ್ ಅನ್ನು ವಿದೇಶದಿಂದ ತರಿಸುವವರು ಪೆಟ್ಟಿಗೆಯ ಬೆಲೆಯ ಜೊತೆಗೆ ಸಾಗಣೆ ವೆಚ್ಚ ಮತ್ತು ಸುಂಕವನ್ನೂ ಕೂಡಿಸಿ ನೋಡಬೇಕು. ಊರಿಗೆ ಬರುವ ನೆಂಟರ ಕೈಯಲ್ಲಿ ತರಿಸಿಕೊಳ್ಳುವುದು ಹಲವು ಸಲ ಅಗ್ಗ. ಜರ್ಮನಿಯಲ್ಲಿರುವ ಬಂಧುಗಳಿಗೆ ಹೇಳುವುದಾದರೆ, ಅಲ್ಲಿ ಇದೇ ಆಟ ಇ-ಮಿಷನ್ ಎಂಬ ಹೆಸರಿನಲ್ಲಿ ಜರ್ಮನ್ ಬರಹದೊಂದಿಗೆ ಮಾರಾಟವಾಗುತ್ತದೆ, ಆದ್ದರಿಂದ ಇಂಗ್ಲಿಷ್ ಆವೃತ್ತಿಯೇ ಬೇಕೆಂದು ಮೊದಲೇ ಸ್ಪಷ್ಟಪಡಿಸಿ.